ಓಎ ತಾಲ್ಲೂಕಿನ ನಾಲ್ಕನೆಯ ಊರು

ಜಪಾನಿನ ಶಿಕೋಕು ದ್ವೀಪದಲ್ಲಿ ತೊಕುಶಿಮಾ ಎಂಬ ಜಿಲ್ಲೆಯಿದೆ. ಅಲ್ಲಿನ ಯಾವ ಊರು ಯಾವ ತಾಲ್ಲೂಕಿಗೆ ಸೇರುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಬೆಂಗಳೂರು ಜಿಲ್ಲೆಯದನ್ನು ಕೇಳಿದರೆ ಸ್ವಲ್ಪ ಯೋಚಿಸಬೇಕು. ಇದಕ್ಕೆಲ್ಲ ನನ್ನ ಚಿಕ್ಕಪ್ಪನೇ ಕಾರಣ.

ಎಪ್ಪತ್ತರ ದಶಕದಲ್ಲಿ ನಾನು ಬಿ.ಎ. ಓದಲೆಂದು ಬಂದು ವಿಜಯನಗರದ ಅವರ ಬಾಡಿಗೆ ಮನೆಯಲ್ಲಿದ್ದೆ. ಚಿಕ್ಕಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ ಶಾಪಿನ ಫೋರ್‌ಮನ್. ಹಿಂದಿನ ವರ್ಷ ಕಾರ್ಖಾನೆಯವರು ಅವರನ್ನು ಆರು ತಿಂಗಳ ತರಬೇತಿಗೆ ತೊಕುಶಿಮಾಕ್ಕೆ ಕಳಿಸಿದ್ದರು. ಭಾಷೆ ಬಾರದು, ಮೀನು ತಿನ್ನುವುದಿಲ್ಲ, ಪರಿಚಯದವರಿಲ್ಲ. ಭಾನುವಾರ ಬಂತೆಂದರೆ ರೈಲು ಹತ್ತಿ ನಿಲ್ದಾಣಗಳ ಬೋರ್ಡಿನ ಇಂಗ್ಲಿಷ್ ಅಕ್ಷರ ಓದುತ್ತಾ ಕೊನೆಯವರೆಗೆ ಹೋಗಿ, ಅದೇ ರೈಲಿನಲ್ಲಿ ವಾಪಸು ಬರುವುದು. ಇಷ್ಟೇ ಅವರ ಜಪಾನು.

ಬರುವಾಗ ಆ ಜಿಲ್ಲೆಯ ದೊಡ್ಡ ನಕ್ಷೆಯೊಂದನ್ನು ತಂದು ನಡುಮನೆಯ ಗೋಡೆಗೆ ಮೊಳೆ ಹೊಡೆದು ಹಾಕಿದರು. ದೇವರ ಕ್ಯಾಲೆಂಡರು ಅಡುಗೆಮನೆಗೆ ಹೋಯಿತು.

"ಎಲ್ಲರ ಮನೆಯವ್ರೂ ಫಾರಿನ್ನಿಂದ ಟೇಪ್ ರೆಕಾರ್ಡರ್ ತರ್ತಾರೆ," ಎಂದು ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. "ಇವ್ರು ತಾಲ್ಲೂಕು ತಂದಿದಾರೆ. ನೋಡ್ಕೊಂಡು ಹೋಗಿ."

ಬಾಡಿಗೆ ತೆಗೆದುಕೊಳ್ಳಲು ಬರುತ್ತಿದ್ದ ಮನೆ ಓನರು ಮಾರೇನಹಳ್ಳಿಯ ಹಳೇ ಒಕ್ಕಲು ಮನೆತನದವರು. ಅವರ ಹೊಲದ ಮೇಲೇ ಬಡಾವಣೆ ಎದ್ದಿತ್ತು. ನಕ್ಷೆಯನ್ನು ನಿಜವಾಗಿ ಆಸಕ್ತಿಯಿಂದ ನೋಡಿದವರು ಅವರೊಬ್ಬರೇ. ಅಲ್ಲಿ ತಾಲ್ಲೂಕಿಗೆ 'ಗುನ್' ಅನ್ನುತ್ತಾರೆಂದೂ, ಗುನ್ ಎಂಬುದು ವಿಳಾಸ ಬರೆಯಲು ಮಾತ್ರ ಉಳಿದಿದೆಯೆಂದೂ, ಅದಕ್ಕೆ ಕಚೇರಿಯಾಗಲಿ ಅಧಿಕಾರಿಯಾಗಲಿ ಇಲ್ಲವೆಂದೂ ಚಿಕ್ಕಪ್ಪ ವಿವರಿಸಿದರು.

"ತಹಸೀಲ್ದಾರ್ ಇಲ್ವಾ? ಮತ್ತೆ ಪಹಣಿ ಯಾರು ಸಾಮಿ ಕೊಡೋದು?"

"ಊರೂರಿಗೂ ಅದರದೇ ಆಫೀಸಿದೆ. ಪಟ್ಟಣಕ್ಕೆ ಪಟ್ಟಣದ್ದು, ಹಳ್ಳಿಗೆ ಹಳ್ಳೀದು. ಗುನ್ ಬರೀ ಹೆಸರಿಗೆ."

ಓನರು ನಕ್ಷೆಯ ಮೇಲೆ ಕೈಯಾಡಿಸಿದರು. "ಹಂಗಾದ್ರೆ ಅದು ನಮ್ಮ ಮಾರೇನಹಳ್ಳಿ ಇದ್ದಂಗೆ ಬಿಡಿ. ಹೆಸರೈತೆ, ಹೊಲ ಇಲ್ಲ."

ಆ ದಿನದಿಂದ ಚಿಕ್ಕಪ್ಪನಿಗೆ ಅವರ ಮೇಲೆ ಬಹಳ ಗೌರವ. ನನ್ನ ಮೇಲೆ ಅಷ್ಟಿರಲಿಲ್ಲ, ಏಕೆಂದರೆ ನಾನು ಪರೀಕ್ಷಕಿಯಾಗಿದ್ದೆ. ಸಂಜೆ ನಡೆದಾಡಲು ಹೊರಟರೆ ಅವರು ಇಡೀ ಜಿಲ್ಲೆಯನ್ನು ಬಾಯಿಪಾಠ ಒಪ್ಪಿಸಬೇಕು, ತಪ್ಪಿದರೆ ನಾನು ಹಿಡಿಯಬೇಕು. ಮ್ಯೋಜಾಯಿ ತಾಲ್ಲೂಕಿನಲ್ಲಿ ಇಶಿಯಿ, ಕಾಮಿಯಾಮಾ. ಓಎ ತಾಲ್ಲೂಕಿನಲ್ಲಿ ಕಾಮೊಜಿಮಾ, ಕವಾಶಿಮಾ, ಯಮಕಾವಾ, ಮಿಸಾತೊ. ಮಿಮಾ ತಾಲ್ಲೂಕಿನಲ್ಲಿ ಅನಾಬುಕಿ, ಸದಾಮಿತ್ಸು, ಹಂಡಾ... ಹೀಗೆ ನಮ್ಮ ಮನೆಯಿಂದ ಹೊರಟು ಹಿಟ್ಟಿನ ಗಿರಣಿ ದಾಟುವಷ್ಟರಲ್ಲಿ ಓಎ ಮುಗಿಯಬೇಕೆಂಬುದು ಅವರ ಲೆಕ್ಕ. ಹತ್ತಿರದ ಜನ ಇದನ್ನು ಯಾವುದೋ ಸ್ತೋತ್ರವೆಂದುಕೊಂಡಿದ್ದರು. ಅವರು ಹೇಳುತ್ತಿದ್ದುದೂ ಅಷ್ಟು ಗಟ್ಟಿಯಾಗಿಯೇ. ಪ್ರೆಸ್ಸಿನ ಸದ್ದಿನಲ್ಲಿ ಇಪ್ಪತ್ತು ವರ್ಷ ಕಳೆದು ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ನಾವು ಮಾತಾಡಿದರೆ ಅವರು ನಮ್ಮ ತುಟಿಯನ್ನೇ ನೋಡುತ್ತಿದ್ದರು.

ಮಿಸಾತೊ ಹಳ್ಳಿಯ ಬಗ್ಗೆ ಒಂದು ಮಾತು ಹೇಳಬೇಕು. ಓಎ ತಾಲ್ಲೂಕಿನ ಮೂರು ಪಟ್ಟಣಗಳೂ ರೈಲು ದಾರಿಯಲ್ಲಿವೆ. ಮಿಸಾತೊ ಬೆಟ್ಟದ ಹಿಂದೆ, ಒಳಗೆಲ್ಲೋ. ಚಿಕ್ಕಪ್ಪ ಅಲ್ಲಿಗೆ ಹೋದವರೂ ಅಲ್ಲ. ಆದರೆ ಅವರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಮುದುಕಿ ಆ ಹಳ್ಳಿಯವಳು. ಇವರು ಮೀನು ಮುಟ್ಟುವುದಿಲ್ಲವೆಂದು ತಿಳಿದ ಮೇಲೆ ದಿನವೂ ಬೇರೆ ಪಾತ್ರೆಯಲ್ಲಿ ಸೊಪ್ಪು ಬೇಯಿಸಿ ಅನ್ನದ ಪಕ್ಕದಲ್ಲಿಟ್ಟು, ಇವರು ಉಣ್ಣುವವರೆಗೂ ಎದುರಿಗೇ ನಿಂತಿರುತ್ತಿದ್ದಳಂತೆ.

ಒಂದು ಶನಿವಾರ ಚಿಕ್ಕಮ್ಮ ಅವರೆಕಾಳು ಹುಳಿ ಮಾಡಿ, ನನ್ನ ಸೋದರತ್ತೆಯ ಮನೆಗೆ ಕೊಟ್ಟು ಬನ್ನಿ ಎಂದು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಟ್ಟರು. ಅತ್ತೆಯ ಮನೆ ಮೈಸೂರು ರೈಲು ಹಳಿಯಾಚೆ. ಗೇಟಿನ ಕಡೆಯಿಂದ ಹೋದರೆ ಸುತ್ತು. ಎಲ್ಲರ ಹಾಗೆ ನಾವೂ ಹೊಲದ ಕಾಲುದಾರಿಯಲ್ಲಿ ನಡೆದು ಹಳಿ ದಾಟುತ್ತಿದ್ದೆವು. ಅಂದು ಡಬ್ಬಿ ಹಿಡಿದು ನಾನು ಮುಂದೆ, ಪಾಠ ಒಪ್ಪಿಸುತ್ತಾ ಚಿಕ್ಕಪ್ಪ ಹಿಂದೆ.

ನಾನು ಹಳಿ ದಾಟಿ ಆಚೆ ಇಳಿದೆ. ಅವರು ಯಮಕಾವಾ ಅಂದವರು ನೇರ ಅನಾಬುಕಿಗೆ ಹಾರಿದರು.

"ಒಂದು ಬಿಟ್ರಿ," ಎಂದೆ, ಅವರ ಕಡೆ ತಿರುಗಿ.

"ಎಲ್ಲಿ?"

"ಓಎನಲ್ಲಿ. ನಾಲ್ಕನೇದು."

ಅವರು ಎರಡು ಕಂಬಿಗಳ ನಡುವೆ ನಿಂತುಬಿಟ್ಟರು. ಬೆರಳು ಮಡಿಸಿ ಮತ್ತೆ ಎಣಿಸಿದರು. "ತಡಿ, ಹೇಳ್ಬೇಡ. ಆ ಅಜ್ಜಿ ಊರು. ಬಾಯಲ್ಲೇ ಇದೆ."

"ಅನ್ನ ಹಾಕಿದೋರ ಊರೇ ಮರೆತ್ರಾ ಚಿಕ್ಕಪ್ಪ?"

ಈ ಮಾತು ಅವರಿಗೆ ನಾಟಿತು. ಅದು ನನಗೆ ಕಂಡಿತು, ಕಂಡು ಖುಷಿಯೂ ಆಯಿತು. ಊರಿನ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಇನ್ನೂ ಸ್ವಲ್ಪ ಒದ್ದಾಡಲಿ ಎಂದು ಡಬ್ಬಿಯನ್ನು ಕೈಯಿಂದ ಕೈಗೆ ಬದಲಿಸುತ್ತಾ ನಿಂತೆ. ಅಷ್ಟರಲ್ಲಿ ದೂರದ ಬಟ್ಟೆ ಗಿರಣಿಯೊಂದರ ಪಾಳಿ ಮುಗಿದ ಸೈರನ್ನು ಕೂಗತೊಡಗಿತು.

ಕೆಂಗೇರಿ ಕಡೆಯ ತಿರುವಿನಲ್ಲಿ ಮೊದಲು ಕಂಡದ್ದು ಹೊಗೆ. ಆಮೇಲೆ ಎಂಜಿನ್ನು. ಅದು ಶಿಳ್ಳೆ ಹಾಕುತ್ತಲೇ ಇದ್ದಿರಬೇಕು, ಆದರೆ ಸೈರನ್ನಿನೊಳಗೆ ಬೆರೆತುಹೋಗಿತ್ತು. ಅದು ಬರುತ್ತಿದ್ದುದು ಚಿಕ್ಕಪ್ಪನ ಬಲಗಡೆಯಿಂದ. ಅವರು ಕಾಲಡಿಯ ಜಲ್ಲಿ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದರು.

ರೈಲು ಎನ್ನಬೇಕಿತ್ತು. ಎರಡೇ ಅಕ್ಷರ. ಅದು ನನ್ನಿಂದ ಹೊರಡಲಿಲ್ಲ. ಕೈ ಎತ್ತಲೂ ಆಗಲಿಲ್ಲ, ಕೈಯಲ್ಲಿ ಡಬ್ಬಿ ಇತ್ತು. ಅದನ್ನು ಕೆಳಗೆ ಹಾಕಬಹುದೆಂದು ಹೊಳೆಯಲೇ ಇಲ್ಲ. ಅವರು ತಲೆಯೆತ್ತಿ, ಸೋತೆ ಎನ್ನುವ ಹಾಗೆ ನನ್ನ ತುಟಿ ನೋಡಿದರು. ಆಗ ನನ್ನ ಬಾಯಿಗೆ ಬಂದದ್ದು, ಅಷ್ಟು ಹೊತ್ತಿನಿಂದ ಅಲ್ಲೇ ಕೂತಿದ್ದ ಹೆಸರು.

"ಮಿಸಾತೊ," ಎಂದು ಕಿರುಚಿದೆ.

ಅವರ ಮುಖ ಅರಳಿತು. ಬೆರಳೆತ್ತಿ, "ಹಾಂ, ಮಿಸಾತೊ," ಎನ್ನುತ್ತಾ ಉತ್ಸಾಹದಿಂದ ನನ್ನ ಕಡೆಗೆ ಮೂರು ಹೆಜ್ಜೆ ನುಗ್ಗಿ ಬಂದರು. ಮೂರನೆಯ ಹೆಜ್ಜೆ ಕೆಳಗೆ ಊರುವಾಗ ಎಂಜಿನ್ನು ಅವರ ಬೆನ್ನ ಹಿಂದೆ ಹೋಯಿತು. ಅವರ ಷರಟು ಹಿಂದಿನಿಂದ ಉಬ್ಬಿ ಹಾರಿತು. ನನ್ನ ಕೈಯಿಂದ ಡಬ್ಬಿ ಬಿದ್ದು ಹುಳಿಯೆಲ್ಲ ಜಲ್ಲಿಯ ಮೇಲೆ ಚೆಲ್ಲಿತು.

ಕೊನೆಯ ಬೋಗಿ ಹೋಗುವವರೆಗೂ ಚಿಕ್ಕಪ್ಪ ತಿರುಗಿ ನಿಂತು ನೋಡಿದರು. ಆಮೇಲೆ ಅಲ್ಲೇ ಕೂತರು. ನಾನೂ ಕೂತೆ. ಅವರೇ ಮೊದಲು ಕೇಳಿದರು.

"ಯಾವಾಗಿಂದ ಗೊತ್ತಿತ್ತೇ ನಿಂಗೆ?"

"ರೈಲಾ?"

"ಮಿಸಾತೊ."

"ಮೊದಲಿಂದಾನೂ," ಎಂದೆ. ಅಳು ಬಂತು.

"ಮತ್ತೆ ರೈಲು ಅಂತ ಯಾಕನ್ಲಿಲ್ಲ?"

"ಬರ್ಲಿಲ್ಲ ಚಿಕ್ಕಪ್ಪ."

ಅವರು ಚೆಲ್ಲಿದ ಅವರೆಕಾಳನ್ನು ಒಂದೊಂದಾಗಿ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದರು. "ಬರದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು. ರೈಲು ಅಂದಿದ್ರೆ, ಎಲ್ಲಿ ಅಂತ ಅಲ್ಲೇ ನಿಂತು ತಿರುಗಿ ನೋಡ್ತಿದ್ದೆ."

ಈ ಮಾತನ್ನು ಸಮಾಧಾನಕ್ಕೆ ಹೇಳಿದರೋ, ಲೆಕ್ಕ ಹಾಕಿ ಹೇಳಿದರೋ, ಇವತ್ತಿಗೂ ಗೊತ್ತಾಗಿಲ್ಲ. ನಾನೂ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಹೆಜ್ಜೆ ಮೂರಕ್ಕಿಂತ ಹೆಚ್ಚಾಗುವುದಿಲ್ಲ, ರೈಲು ನಿಧಾನವಾಗುವುದಿಲ್ಲ. ಆ ಹೆಸರನ್ನು ನಾನು ಮೊದಲೇ ಹೇಳಿದ್ದರೆ ಅವರು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ ಎಂಬಲ್ಲಿಗೆ ಬಂದು ಪ್ರತಿ ಸಲವೂ ಲೆಕ್ಕ ನಿಲ್ಲುತ್ತದೆ.

ಅತ್ತೆಯ ಮನೆಗೆ ಹೋಗದೆ, ಗೇಟಿನ ಸುತ್ತುದಾರಿ ಹಿಡಿದು ವಾಪಸು ಬಂದೆವು. ಡಬ್ಬಿ ಕೈಜಾರಿತು ಎಂದಷ್ಟೇ ಹೇಳಿದೆವು.

"ಜಪಾನಿನ ಧ್ಯಾನದಲ್ಲಿ ನಡೀತಿದ್ರಾ?" ಎಂದರು ಚಿಕ್ಕಮ್ಮ, ನೆಗ್ಗಿದ ಡಬ್ಬಿಯನ್ನು ತಿರುಗಿಸಿ ನೋಡುತ್ತಾ.

"ಜಪಾನಲ್ಲ, ಓಎ ತಾಲ್ಲೂಕು," ಎಂದರು ಚಿಕ್ಕಪ್ಪ.

ಬಾಯಿಪಾಠ ನಿಲ್ಲುತ್ತದೆ ಎಂದುಕೊಂಡಿದ್ದೆ, ನಿಲ್ಲಲಿಲ್ಲ. ಒಂದೇ ಒಂದು ಬದಲಾವಣೆಯಾಯಿತು. ಯಮಕಾವಾ ಆದ ಮೇಲೆ ಚಿಕ್ಕಪ್ಪ ಸುಮ್ಮನಾಗಿ ನನ್ನ ತುಟಿ ನೋಡುತ್ತಿದ್ದರು. ನಾನು ಹೇಳಬೇಕು, ಆಮೇಲೆ ಅವರು ಅನಾಬುಕಿಗೆ ಹೋಗಬೇಕು. ನನ್ನ ಮದುವೆಯಾದ ಮೇಲೂ, ಅವರು ನಿವೃತ್ತರಾದ ಮೇಲೂ ಇದು ನಡೆಯಿತು. ನಾನು ಒಮ್ಮೆಯೂ ತಡ ಮಾಡಲಿಲ್ಲ. ಆದರೆ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದರೂ ಸರಿ, ಮೊದಲು ಅವರ ಎರಡೂ ಪಕ್ಕ ಒಮ್ಮೆ ನೋಡಿ, ಆಮೇಲೆ ಮಿಸಾತೊ ಎನ್ನುತ್ತಿದ್ದೆ.