ತಡವಾಗಿ ಬಂದವರ ಪಾಲಿನ ಕಥೆ

ನಮ್ಮ ಗುಂಪಿನಲ್ಲಿ ವ್ರತದ ಕಥೆ ಓದುವುದು ನನ್ನ ಪಾಲಿಗೆ ಬಂದಿದೆ. ಗೌರಿ ಹಬ್ಬವಾಗಲಿ, ವರಮಹಾಲಕ್ಷ್ಮಿಯಾಗಲಿ, ಈ ಊರಿನ ಒಂದು ಅಂಚಿನ ಸ್ವೋರ್ಡ್ಸ್‌ನಿಂದ ಇನ್ನೊಂದು ಅಂಚಿನ ಲೀಕ್ಸ್‌ಲಿಪ್‌ವರೆಗೆ ಯಾರ ಮನೆಯಲ್ಲಿ ಕಲಶ ಇಟ್ಟರೂ ನನಗೇ ಫೋನ್ ಬರುತ್ತದೆ. ನಾನು ಓದಿದ್ದು ಮೈಸೂರಿನಲ್ಲಿ ಪಿಯುಸಿವರೆಗೆ. ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾದರೂ ಹೊರಗೆ ದುಡಿದವಳಲ್ಲ. ಯಜಮಾನರು ಏರ್‌ಪೋರ್ಟಿನ ಹತ್ತಿರದ ಆಫೀಸಿಗೆ ಹೋಗುತ್ತಾರೆ, ನಾನು ಮನೆ ನೋಡಿಕೊಳ್ಳುತ್ತೇನೆ. ಆದರೆ ಅಕ್ಷತೆ ಹಿಡಿದು ಕೂತ ಹತ್ತು ಹೆಂಗಸರ ಮುಂದೆ ನಾನು ಬಾಯಿ ತೆರೆದರೆ ಯಾರೂ ಫೋನ್ ಮುಟ್ಟುವುದಿಲ್ಲ. ಅದು ದೇವರು ಕೊಟ್ಟದ್ದು, ನನ್ನದೇನಿಲ್ಲ ಎಂದು ಹೇಳುತ್ತಿರುತ್ತೇನೆ. ಒಳಗೊಳಗೆ ಸ್ವಲ್ಪ ನನ್ನದೂ ಇದೆ ಅನ್ನಿಸುತ್ತದೆ.

ನನ್ನದು ಒಂದು ಕಟ್ಟುನಿಟ್ಟು. ಕಥೆ ಕೇಳದೆ ಎದ್ದರೆ ವ್ರತ ಪೂರ್ತಿಯಾಗುವುದಿಲ್ಲ. ಇಲ್ಲಿ ಯಾರೂ ಸರಿಯಾದ ಹೊತ್ತಿಗೆ ಬರುವುದಿಲ್ಲ; ಒಬ್ಬರಿಗೆ ಬಸ್ ತಪ್ಪಿರುತ್ತದೆ, ಇನ್ನೊಬ್ಬರಿಗೆ ರಿಂಗ್ ರೋಡಿನಲ್ಲಿ ಟ್ರಾಫಿಕ್. ಅರ್ಧ ಕಥೆಗೆ ಬಾಗಿಲು ತಟ್ಟಿದರೆ ನಾನು ಪುಸ್ತಕ ಮುಚ್ಚಿ, ಬಂದವರ ಕೈಗೆ ಅಕ್ಷತೆ ಹಾಕಿ, ಅಲ್ಲಿಯವರೆಗಿನದನ್ನು ಬಾಯಲ್ಲೇ ಚಿಕ್ಕದಾಗಿ ಹೇಳಿ, ಆಮೇಲೆ ಮುಂದಕ್ಕೆ ಹೋಗುತ್ತೇನೆ. ಮೊದಲೇ ಬಂದವರು ಗೊಣಗುವುದಿಲ್ಲ. ಎರಡನೇ ಸಲ ಕೇಳುವಾಗ ಅವರೇ ಮೊದಲು ನಗುತ್ತಾರೆ.

ಹೋದ ವರ್ಷ ಮಗಳು ಸಿನಿಮಾ ವಿಷಯದಲ್ಲಿ ಎಂ.ಎ. ಮಾಡುತ್ತಿದ್ದಳು. ಇಪ್ಪತ್ತನಾಲ್ಕು ವರ್ಷದವಳು, ನಾಲ್ಕು ವರ್ಷದ ಕೂಸಾಗಿ ಇಲ್ಲಿಗೆ ಬಂದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅದೂ ಈ ಊರಿನ ರಾಗದಲ್ಲಿ. ಫೆಬ್ರವರಿಯ ಒಂದು ಭಾನುವಾರ ಉಪ್ಪಿಟ್ಟು ಬಡಿಸುವಾಗ, ದೊಡ್ಡ ಪ್ರಬಂಧ ಯಾವುದರ ಮೇಲೆ ಎಂದು ಕೇಳಿದೆ. ಐವತ್ತು ವರ್ಷ ಹಿಂದೆ ಒಂದು ಇಂಗ್ಲಿಷ್ ಸಿನಿಮಾ ಓಡಿದ ಮೇಲೆ ಮುಂದುವರಿಸಿ ತೆಗೆದ ಎರಡನೇ ಭಾಗ, ಅದರಲ್ಲಿ ಹಾಸ್ಯ ಹೇಗಿದೆ, ಕಥೆ ಹೇಗೆ ಹೇಳಿದ್ದಾರೆ ಎನ್ನುವುದರ ಮೇಲೆ, ಎಂದಳು. ಯಾವ ಥರದ ಸಿನಿಮಾ ಎಂದೆ. ಅವಳು ಚಮಚ ಕೆಳಗಿಟ್ಟು ನೇರವಾಗಿ ಹೇಳಿದಳು: ವಯಸ್ಕರಿಗೆ ಮಾತ್ರ ಎಂದು ಚೀಟಿ ಅಂಟಿಸಿ, ಬೇರೆಯದೇ ಥಿಯೇಟರುಗಳಲ್ಲಿ ತೋರಿಸುತ್ತಿದ್ದಂಥದ್ದು.

ಯಜಮಾನರು ಲಾನ್ ಕಟ್ ಮಾಡಬೇಕು ಎಂದು ಎದ್ದುಹೋದರು. ಹೊರಗೆ ಮಳೆ ಹನಿಯುತ್ತಿತ್ತು.

ನಾನು ಎದ್ದುಹೋಗಲಿಲ್ಲ. ಇಡೀ ಪ್ರಪಂಚದಲ್ಲಿ ನಿನಗೆ ಇದೇ ಸಿಕ್ಕಿತಾ ಎಂದು ಕೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. ಅದನ್ನು ಮಾಡಿದವರು ಹೊಟ್ಟೆಪಾಡಿಗೆ ಮಾಡಿದ್ದು ನಿಜ, ಬೇಡದ ಭಾಗಗಳಿರುವುದೂ ನಿಜ, ಆದರೆ ಬರೆದವರು ಯಾರೋ ನಾಟಕದವರು. ಜನ ನಗಬೇಕು, ಪಾತ್ರಗಳು ಮನುಷ್ಯರ ಹಾಗೆ ಕಾಣಬೇಕು ಎಂದು ಕಷ್ಟಪಟ್ಟಿದ್ದಾರೆ, ಯಾರೂ ಕೇಳದ ಆ ಕಷ್ಟವನ್ನು ನಾನು ಬರೆಯುತ್ತೇನೆ ಎಂದಳು. ಕೊನೆಗೆ, “ಇಟ್ಸ್ ಗ್ರ್ಯಾಂಡ್ ಅಮ್ಮಾ” ಎಂದಳು, ಇಲ್ಲಿಯವರ ಮಾತಿನಲ್ಲಿ ಪರವಾಗಿಲ್ಲ ಎಂದು; ನೀನು ನೋಡಬೇಕಾಗಿಲ್ಲ ಎಂದು ನನ್ನ ಕೆನ್ನೆ ತಟ್ಟಿದಳು.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಗುಂಪಿನ ಹೆಂಗಸರು ಕೇಳಿದಾಗ ನಾನು ಅರ್ಧವನ್ನೇ ಹೇಳಿದೆ. “ಹಳೇ ಕಾಮಿಡಿ ಪಿಕ್ಚರ್, ಪಾರ್ಟ್ ಟೂ” ಎಂದುಬಿಟ್ಟೆ. ಸುಳ್ಳಲ್ಲ. ಆದರೆ ದೇವರ ಮುಂದೆ ನಿಂತು ಸುಳ್ಳಲ್ಲ ಎಂದು ವಾದ ಮಾಡಬೇಕಾಗಿ ಬಂದ ಮಾತು ಸತ್ಯವೂ ಅಲ್ಲ. ಜೂನ್ ತಿಂಗಳಲ್ಲಿ ನಮ್ಮ ಗುಂಪಿನ ಹಿರಿಯರು, ಎಲ್ಲರೂ ದೊಡ್ಡಕ್ಕ ಎನ್ನುತ್ತೇವೆ, ಲೀಕ್ಸ್‌ಲಿಪ್‌ನ ತಮ್ಮ ಮನೆಯಲ್ಲಿ ಈ ಸಲದ ಗೌರಿ ಪೂಜೆ ಎಂದು ಹೇಳಿ, ಅದೇ ಉಸಿರಿನಲ್ಲಿ, ಊಟವಾದ ಮೇಲೆ ನಿನ್ನ ಮಗಳು ತನ್ನ ಓದಿನ ಬಗ್ಗೆ ಎಲ್ಲರಿಗೂ ಮಾತಾಡಲಿ, ಹಾಸ್ಯ ಅಲ್ಲವಾ, ಮಕ್ಕಳೂ ಕೇಳಲಿ ಎಂದರು. ದೊಡ್ಡಕ್ಕನಿಗೆ ಇಲ್ಲ ಎಂದು ಹೇಳಿ ನಮಗ್ಯಾರಿಗೂ ಅಭ್ಯಾಸವಿಲ್ಲ. ನಾನು ಹೂಂ ಎಂದುಬಿಟ್ಟೆ.

ಮನೆಗೆ ಬಂದು ಮಗಳಿಗೆ ಹೇಳುವ ಧೈರ್ಯ ಮೂರು ವಾರ ಬರಲಿಲ್ಲ. ಅವಳೂ ತಲೆ ಕೆಡಿಸಿಕೊಂಡು ಕೂತಿದ್ದಳು. ಆ ಸಿನಿಮಾದಲ್ಲಿ ಸಮುದ್ರದ ದಂಡೆಯ ಒಂದು ಲಾಡ್ಜು, ಅದನ್ನು ನಡೆಸುವ ಒಬ್ಬ ಹೆಂಗಸು. ಮೊದಲ ಭಾಗದಲ್ಲಿ ಅಲ್ಲಿ ಬೇಕಾದಷ್ಟು ಅವಾಂತರ ಆಗಿರುತ್ತದೆ. ಎರಡನೇ ಭಾಗದ ಶುರುವಿನಲ್ಲೇ ಈ ಹೆಂಗಸು ನಾಲ್ಕು ನಿಮಿಷ ಬರೀ ಮಾತಾಡುತ್ತಾಳೆ. ಅದು ಸುಮ್ಮನೆ ಹೊತ್ತು ತುಂಬಿಸಲು ಹಾಕಿದ್ದು, ಬಿಟ್ಟುಬಿಡು ಎಂದು ಅವಳ ಮೇಷ್ಟ್ರು ಬರೆದಿದ್ದರಂತೆ. ಅಲ್ಲ ಎಂದು ಇವಳ ಮನಸ್ಸು ಹೇಳುತ್ತದೆ, ಯಾಕೆ ಅಲ್ಲ ಎಂದು ಬರೆಯಲು ಬರುತ್ತಿಲ್ಲ. ಪ್ರಬಂಧದ ಅರ್ಧ ಆ ನಾಲ್ಕು ನಿಮಿಷದ ಮೇಲೆ ನಿಂತಿತ್ತು.

ಆ ತುಂಡು ಮಾತ್ರ ತೋರಿಸು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಅದರಲ್ಲಿ ಬೇರೇನೂ ಇಲ್ಲ ತಾನೆ ಎಂದು ಎರಡು ಸಲ ಕೇಳಿ, ದೇವರ ಕೋಣೆಯ ಬಾಗಿಲು ಮುಂದಕ್ಕೆ ಮಾಡಿ ಬಂದು, ಅಡುಗೆಮನೆಯ ಮೇಜಿನ ಹತ್ತಿರ ಕೂತೆ.

ಆ ಹೆಂಗಸು ನನ್ನ ವಯಸ್ಸಿನವಳು. ಮೈತುಂಬ ಬಟ್ಟೆ, ಸೊಂಟಕ್ಕೆ ಏಪ್ರನ್. ರೈಲು ತಪ್ಪಿ ತಡವಾಗಿ ಬಂದ ಒಬ್ಬ ಹೊಸ ಗಿರಾಕಿಗೆ ಹೋದ ವರ್ಷ ಇಲ್ಲಿ ಏನೇನಾಯಿತು ಎಂದು ಹೇಳುತ್ತಾ ದೊಡ್ಡದೊಂದು ಬೆಡ್‌ಶೀಟ್ ಮಡಿಸುತ್ತಿದ್ದಾಳೆ. ಎರಡು ಮೂಲೆ ಸೇರಿಸಿ, ಮತ್ತೆ ಎರಡು ಮೂಲೆ ಸೇರಿಸಿ, ಇನ್ನೇನು ಮುಗಿಯಿತು ಎನ್ನುವಾಗ ಕಥೆಯಲ್ಲಿ ರಸವತ್ತಾದ ಜಾಗ ಬರುತ್ತದೆ, ತೋರಿಸಲು ಕೈ ಬೇಕು, ಶೀಟು ಜಾರಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅದರ ಕಡೆ ನೋಡದೆ ಮತ್ತೆ ಮೂಲೆ ಹುಡುಕುತ್ತಾಳೆ. ನಾಲ್ಕು ನಿಮಿಷದಲ್ಲಿ ಐದು ಸಲ. ನಾನು ನಕ್ಕೆ. ಇಪ್ಪತ್ತು ವರ್ಷ ಒಬ್ಬಳೇ ಡಬಲ್ ಬೆಡ್‌ಶೀಟ್ ಮಡಿಸಿದವಳಿಗೆ ಅದು ತಾಗುವ ಹಾಗೆ ಯಾವ ಮೇಷ್ಟ್ರಿಗೂ ತಾಗುವುದಿಲ್ಲ.

ಮಗಳು ಪಕ್ಕದಲ್ಲಿ ಹೇಳಿದಳು: ಇವಳು ಹೇಳುತ್ತಿರುವುದೆಲ್ಲ ನಿಜವಲ್ಲ. ಮೊದಲ ಭಾಗದಲ್ಲಿ ಗಲಾಟೆಯಾದಾಗ ಇವಳು ಬೀರುವಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಈಗ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ ಎನ್ನುತ್ತಿದ್ದಾಳೆ.

“ಹಂಗಾದ್ರೆ ಇದು ತಡವಾಗಿ ಬಂದೋರಿಗೆ ಕಣೇ” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಎರಡನೇ ಭಾಗ ನೋಡಲು ಬಂದವರಲ್ಲಿ ಅರ್ಧ ಜನ ಮೊದಲನೆಯದನ್ನು ನೋಡಿರುವುದಿಲ್ಲ. ಅವರನ್ನು ಕಥೆಯಿಲ್ಲದೆ ಕೂರಿಸಬಾರದು, ಅವರಿಗೆ ಹೇಳಲೇಬೇಕು. ಆದರೆ ನೋಡಿದವರೂ ಅಲ್ಲೇ ಕೂತಿದ್ದಾರೆ, ಅವರಿಗೆ ಬೇಜಾರಾಗಬಾರದು. ಅದಕ್ಕೇ ಆಕೆ ಸ್ವಲ್ಪ ಸೇರಿಸಿ ಹೇಳುತ್ತಾಳೆ. ಹೊಸಬರು ಬೆಡ್‌ಶೀಟಿಗೆ ನಗುತ್ತಾರೆ, ಹಳಬರು ಆಕೆಯ ಬಡಾಯಿಗೆ ನಗುತ್ತಾರೆ. ಒಂದೇ ಬಾಣಲೆಯಲ್ಲಿ ಇಬ್ಬರಿಗೂ ಅಡುಗೆ. ನಾನು ಗೌರಿ ಕಥೆಯಲ್ಲಿ ಇಷ್ಟು ವರ್ಷ ಮಾಡುತ್ತಿರುವುದು ಇನ್ನೇನು?

ಮಗಳು ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಟೈಪ್ ಮಾಡತೊಡಗಿದಳು. ಕಾಫಿ ಆರಿಹೋಯಿತು. ಸ್ವಲ್ಪ ಹೊತ್ತಿನ ಮೇಲೆ, ನೀನು ಹಾಗೆ ನಿಲ್ಲಿಸಿ ಹೇಳುವಾಗ ಮೊದಲೇ ಬಂದವರ ಮುಖ ಹೇಗಿರುತ್ತದೆ, ಇನ್ನೊಂದು ಸಲ ಹೇಳು ಎಂದಳು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು.

ಆ ಖುಷಿಯಲ್ಲೇ ದೊಡ್ಡಕ್ಕನ ವಿಷಯ ಬಾಯಿಂದ ಬಿತ್ತು. ಟೈಪ್ ಮಾಡುತ್ತಿದ್ದ ಕೈ ನಿಂತಿತು. ಅವರಿಗೆ ಏನೆಂದು ಹೇಳಿದ್ದೀಯ ಎಂದು ಕೇಳಿದಳು. ಹೇಳಿದೆ. ಅಲ್ಲಿ ಹಾಗೇ ಹೇಳಿಬಿಡು, ಹಳೇ ಕಾಮಿಡಿ ಅಂದರೆ ಸಾಕು ಎಂದೂ ಸೇರಿಸಿದೆ. ಅವಳು ನನ್ನ ಕಡೆ ತಿರುಗಿ, ಅಪರೂಪಕ್ಕೆ, ಕನ್ನಡದಲ್ಲೇ ಕೇಳಿದಳು.

“ನನ್ನ ಬಗ್ಗೆ ನಿಂಗೆ ನಾಚ್ಕೆನಾ ಅಮ್ಮಾ?”

ಇಲ್ಲ ಎಂದು ತಕ್ಷಣ ಬರಬೇಕಿತ್ತು, ಬರಲಿಲ್ಲ. ಅವಳು ಅದನ್ನು ನೋಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ ಬರುತ್ತೇನೆ, ಮುಚ್ಚಿಟ್ಟು ಹೇಳುವುದಾದರೆ ಹುಷಾರಿಲ್ಲ ಎಂದುಬಿಡು ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲೆ ಹೋದಳು.

ಅಲ್ಲಿಂದ ಆಗಸ್ಟ್ ಪೂರ್ತಿ ನಾವು ಊಟ, ಬಟ್ಟೆ, ಬಸ್ಸಿನ ಟೈಮು ಬಿಟ್ಟು ಬೇರೇನೂ ಮಾತಾಡಲಿಲ್ಲ. ಕೊನೆಯ ವಾರ ಪ್ರಬಂಧ ಕೊಟ್ಟು ಬಂದವಳು ಅದರ ಒಂದು ಪ್ರತಿಯನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದಳು. ಹಾಲು ತೆಗೆಯಲು ಹೋದಾಗ ನೋಡಿದೆ. ಒಂದು ಪುಟಕ್ಕೆ ಹಳದಿ ಚೀಟಿ ಅಂಟಿಸಿತ್ತು. ಓದಲು ನಿಧಾನವಾಯಿತು, ಆದರೆ ಅರ್ಥವಾಯಿತು. ತಡವಾಗಿ ಬಂದವರಿಗಾಗಿ ಕಥೆಯನ್ನು ನಿಲ್ಲಿಸಿ ಮತ್ತೆ ಹೇಳುವ ಈ ವಿವರಣೆ ತನ್ನದಲ್ಲ, ತನ್ನ ತಾಯಿಯದು, ಆಕೆ ವ್ರತದ ಕಥೆ ಹೇಳುವವರು ಎಂದು ಬರೆದಿದ್ದಳು. ನನ್ನ ಹೆಸರು ಇನಿಷಿಯಲ್ ಸಮೇತ ಇತ್ತು. ಅವಳು ಎಲ್ಲಿಯೂ ನನ್ನನ್ನು ಮುಚ್ಚಿಟ್ಟಿರಲಿಲ್ಲ. ನಾನು ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡೇ ನಿಂತಿದ್ದೆ, ಅದು ಕೂಗಿಕೊಳ್ಳುವವರೆಗೆ.

ಮೇಲೆ ಹೋಗಿ, ಶನಿವಾರ ದೊಡ್ಡಕ್ಕನ ಮನೆಗೆ ರೇಷ್ಮೆ ಸೀರೆ ಉಡುತ್ತೀಯಾ, ಚೂಡಿದಾರ್ ಸಾಕಾ ಎಂದು ಕೇಳಿದೆ. ಇದ್ದ ಹಾಗೆ ಹೇಳುತ್ತೀಯಾ ಎಂದು ಅವಳು ಕೇಳಿದಳು. ನಾನೇ ಹೇಳುತ್ತೇನೆ ಎಂದೆ.

ಹಬ್ಬ ವಾರದ ನಡುವೆ ಬಂದಿತ್ತು. ಅವರವರ ಮನೆಯಲ್ಲಿ ಅವರವರು ಮಾಡಿಕೊಂಡು, ಎಲ್ಲರೂ ಸೇರಿದ್ದು ಶನಿವಾರ. ದೊಡ್ಡಕ್ಕನ ಮನೆಯ ಹಿಂದಿನ ಗಾಜಿನ ಕೋಣೆಯಲ್ಲಿ ಗೌರಿಯನ್ನು ಕೂರಿಸಿದ್ದರು. ಕಥೆ ಓದಿದೆ, ಮಂಗಳಾರತಿ ಆಯಿತು, ಊಟ ಆಯಿತು. ಮಕ್ಕಳನ್ನೆಲ್ಲ ಪಾರ್ಕಿಗೆ ಕರೆದುಕೊಂಡು ಹೋಗಿ ಎಂದು ಯಜಮಾನರಿಗೆ ಮೊದಲೇ ಹೇಳಿದ್ದೆ. ಅವರು ಇಷ್ಟು ಬೇಗ ಶೂ ಹಾಕಿದ್ದನ್ನು ನಾನು ನೋಡಿಲ್ಲ. ಹೆಂಗಸರು ಮುಂದಿನ ಕೋಣೆಯಲ್ಲಿ ಕೂತರು. ಮಗಳು ಏಳುವ ಮೊದಲು ನಾನು ಎದ್ದೆ.

“ನಾನು ನಿಮ್ಗೆಲ್ಲ ಅರ್ಧ ಹೇಳಿದ್ದೆ” ಎಂದೆ. “ನನ್ನ ಮಗಳು ಬರ್ದಿರೋದು ದೊಡ್ಡೋರ ಪಿಕ್ಚರ್ ಬಗ್ಗೆ. ಮಕ್ಕಳು ನೋಡಬಾರದಂಥದ್ದು. ಅದ್ರಲ್ಲಿ ನಗು ಹೆಂಗೆ ಹುಟ್ಸಿದಾರೆ, ಕಥೆ ಹೆಂಗೆ ಕಟ್ಟಿದಾರೆ ಅಂತ ಬರ್ದಿದಾಳೆ. ಮುಚ್ಚಿಟ್ಟಿದ್ದು ನನ್ನ ತಪ್ಪು. ಅವಳ್ದೇನೂ ತಪ್ಪಿಲ್ಲ. ನಂಗೆ ಅವಳ ಮೇಲೆ ಹೆಮ್ಮೆ ಐತೆ.”

ಒಬ್ಬರು ಬಸ್ಸಿಗೆ ಹೊತ್ತಾಯಿತು ಎಂದು ಕುಂಕುಮ ಇಟ್ಟುಕೊಂಡು ಹೊರಟರು. ಅವರಿಂದ ಇನ್ನೂ ಫೋನ್ ಬಂದಿಲ್ಲ, ಬರುತ್ತದೆ ಎಂದುಕೊಂಡಿದ್ದೇನೆ. ದೊಡ್ಡಕ್ಕ ತಾಂಬೂಲಕ್ಕೆ ಬ್ಲೌಸ್ ಪೀಸ್ ಮಡಿಸುತ್ತಾ ತಲೆ ಬಗ್ಗಿಸಿ ಕೂತಿದ್ದರು, ಒಂದು ಮಾತಿಲ್ಲ, ಮುಖವೂ ಕಾಣಲಿಲ್ಲ. ಮಗಳು ಎದ್ದು ಶುರುಮಾಡಿದಳು, ತಡವರಿಸುವ ಕನ್ನಡದಲ್ಲಿ, ಆ ಲಾಡ್ಜಿನ ಹೆಂಗಸಿನ ಬಗ್ಗೆ. ಬೀರುವಿನ ಕಥೆ ಹೇಳಿದಳು, ಪೊರಕೆಯ ಬಡಾಯಿ ಹೇಳಿದಳು, ಸೋಫಾದ ಮೇಲಿನ ಹೊದಿಕೆ ಎಳೆದುಕೊಂಡು ಬೆಡ್‌ಶೀಟ್ ಮಡಿಸಿ ತೋರಿಸಿದಳು. ಮೂರನೇ ಸಲ ಅದು ಜಾರಿದಾಗ ಯಾರೋ ಒಬ್ಬರು ಸೆರಗು ಬಾಯಿಗಿಟ್ಟುಕೊಂಡರು. ಐದನೇ ಸಲಕ್ಕೆ ಕೋಣೆಯೇ ನಕ್ಕಿತು. ದೊಡ್ಡಕ್ಕ ಮಾತ್ರ ತಲೆ ಎತ್ತಲಿಲ್ಲ.

ಆಗ ಬಾಗಿಲು ತಟ್ಟಿದ ಸದ್ದಾಯಿತು. ದೂರದ ಲಿಮೆರಿಕ್‌ ಊರಿನಿಂದ ಕಾರಿನಲ್ಲಿ ಹೊರಟಿದ್ದ ನಮ್ಮ ಗೆಳತಿ, ದಾರಿಯಲ್ಲಿ ಟೈರ್ ಹೋಗಿ, ಮೂರು ಗಂಟೆ ತಡವಾಗಿ ಬಂದಿದ್ದರು. ನಾನು ಅವರನ್ನು ಗೌರಿಯ ಮುಂದೆ ಕೂರಿಸಿ, ಅಕ್ಷತೆ ಕೊಟ್ಟು, ಕಥೆ ಚಿಕ್ಕದಾಗಿ ಹೇಳಿ ಮುಗಿಸಿದೆ. ಮುಂದಿನ ಕೋಣೆಗೆ ಕರೆತಂದಾಗ ಅವರು, ಇಲ್ಲಿ ಏನು ನಡೀತಿದೆ, ಎಲ್ಲರೂ ಯಾಕೆ ಕಣ್ಣು ಒರೆಸಿಕೊಳ್ತಿದ್ದೀರಿ ಎಂದು ಕೇಳಿದರು.

ದೊಡ್ಡಕ್ಕ ತಲೆ ಎತ್ತಿದರು.

“ಬಾ, ಕೂತ್ಕೋ, ನಾನು ಹೇಳ್ತೀನಿ. ಈ ಹುಡುಗಿ ದೊಡ್ಡೋರ ಪಿಕ್ಚರ್ ಮೇಲೆ ಪುಸ್ತಕ ಬರ್ದಿದಾಳೆ. ಇವ್ರಮ್ಮ ಅಳ್ತಾ ನಿಂತಿದ್ಲು, ಇವ್ರೆಲ್ಲ ಬಾಯಿ ಮುಚ್ಕೊಂಡು ಕೂತಿದ್ರು. ನಾನೇ ಎದ್ದು ನಿಂತು ಹೇಳ್ದೆ, ಓದಿದ್ರಲ್ಲಿ ತಪ್ಪೇನೈತೆ, ಹೇಳು ಮಗಳೇ ಅಂತ.”

ಹೇಗೆ ಎದ್ದು ನಿಂತೆ ಎಂದು ತೋರಿಸಲು ಎರಡೂ ಕೈ ಎತ್ತಿದರು. ಮಡಿಸುತ್ತಿದ್ದ ಬ್ಲೌಸ್ ಪೀಸ್ ಜಾರಿ ಪೂರ್ತಿ ಬಿಚ್ಚಿಕೊಂಡು ಕಾಲ ಮೇಲೆ ಬಿತ್ತು.

ಇಡೀ ಕೋಣೆ ಮತ್ತೆ ನಕ್ಕಿತು. ಲಿಮೆರಿಕ್‌ನ ಗೆಳತಿಗೆ ಆ ನಗು ಏಕೆಂದು ತಿಳಿಯಲಿಲ್ಲ, ಆದರೂ ನಕ್ಕರು. ದೊಡ್ಡಕ್ಕ ಗಂಭೀರವಾಗಿ ಬಟ್ಟೆ ಎತ್ತಿಕೊಂಡು ಮತ್ತೆ ಮೂಲೆ ಹುಡುಕತೊಡಗಿದರು. ಮಗಳು ನನ್ನ ಪಕ್ಕಕ್ಕೆ ಬಂದು ಭುಜಕ್ಕೆ ಭುಜ ತಾಗಿಸಿ ಕೂತಳು. ಹೊಸದಾಗಿ ಬಂದವರಿಗೆ ಹೇಳಬೇಕಲ್ಲ, ನೀನು ಹೇಳು ಎಂದು ಅವಳ ಮೊಣಕೈ ತಿವಿದೆ. ಅವಳು ಎದ್ದು, ಲಾಡ್ಜಿನ ಹೆಂಗಸನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು.