ವಾಪಸಾದ ತಿಮಿಂಗಿಲದ ಹಲ್ಲು

ಏಟು ತಿಂದವಳ ಪರವಾಗಿ ಕ್ಷಮಿಸುವ ಹಕ್ಕು ಅವಳ ಅಪ್ಪನಿಗಿಲ್ಲ, ಅಣ್ಣನಿಗಿಲ್ಲ, ಊರಿಗಂತೂ ಇಲ್ಲವೇ ಇಲ್ಲ. ಇದನ್ನು ಬರೆದು ಹೇಳಬೇಕಾಗಿ ಬಂದದ್ದೇ ನಾಚಿಕೆಗೇಡು.

ಫಿಜಿಯ ರೇವಾ ನದಿಯ ದಂಡೆಯ ನಮ್ಮೂರಿನಲ್ಲಿ ಮಕೆರೆತಾ ಚಾಪೆ ಹೆಣೆಯುತ್ತಾಳೆ. ವಯಸ್ಸು ಐವತ್ತೆಂಟು. ಎಡಗಿವಿ ಕೇಳಿಸದು, ಗಂಡ ಹೊಡೆದದ್ದು. ಹರೆಯದಲ್ಲಿ ಮೂರು ಸಲ ತವರಿಗೆ ಓಡಿಬಂದಿದ್ದಳು. ಮೂರು ಸಲವೂ ಗಂಡನ ಕಡೆಯವರು ರಾಜಿಯ ಕಾಣಿಕೆಯಾಗಿ ತಿಮಿಂಗಿಲದ ಹಲ್ಲು ಹಿಡಿದು ಬಂದು, ಮಂಡಿಯೂರಿ ತಪ್ಪೊಪ್ಪಿಕೊಂಡರು. ಅಪ್ಪ ಹಲ್ಲನ್ನು ಕೈಗೆ ತೆಗೆದುಕೊಂಡ. ತೆಗೆದುಕೊಂಡರೆ ಮುಗಿಯಿತು, ಜಗಳವನ್ನು ಮಣ್ಣಲ್ಲಿ ಹೂತಂತೆ. ಮತ್ತೆ ಬಾಯಿ ತೆರೆದವಳೇ ಊರು ಕೆಡಿಸಿದವಳು. ಗಂಡ ಸತ್ತ ಮೇಲಷ್ಟೇ ಅವಳು ತವರಿನಲ್ಲಿ ಉಳಿದದ್ದು.

ಹೋದ ಆಗಸ್ಟಿನಲ್ಲಿ ಅವಳ ಅಣ್ಣ ಇಸಿಕೇಲಿಯ ಮಗಳು ಕೆಲೆರಾ ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು, ಇನ್ನೊಂದು ಕೈಯಲ್ಲಿ ಕೂಸನ್ನು ಎತ್ತಿಕೊಂಡು ಬಂದಳು. ಪೊಲೀಸರಿಗೆ ದೂರು ಕೊಟ್ಟೇ ಬಂದಿದ್ದಳು. ಎಂಟನೆಯ ದಿನ ಅವಳ ಗಂಡನ ಕಡೆಯ ಹಿರಿಯರು ಹಲ್ಲಿನೊಂದಿಗೆ ಹಾಜರಾದರು. ಇಸಿಕೇಲಿ ಅದನ್ನು ಹಿಡಿದರೆ ದೂರು ಹಿಂದಕ್ಕೆ, ಹುಡುಗಿ ಗಂಡನ ಮನೆಗೆ.

ಕೆಲೆರಾಳನ್ನು ಯಾರೂ ಕರೆಯಲಿಲ್ಲ. ಅವಳು ಹಿಂದಿನ ಅಡುಗೆ ಗುಡಿಸಲಿನಲ್ಲಿದ್ದಳು. ಬಂದವರಲ್ಲೊಬ್ಬ, ಹುಡುಗನದು ರಗ್ಬಿ ಆಡಿದ ಕೈ, ಸ್ವಲ್ಪ ಭಾರ ಎಂದ. ಗಂಡಸರು ನಕ್ಕರು. ಮಕೆರೆತಾ ಬಾಗಿಲ ಬಳಿ, ಹೆಂಗಸರ ಸಾಲಿನಲ್ಲಿ ಕೂತಿದ್ದಳು.

ನಮ್ಮಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ಎದುರೆದುರು ಮಾತಾಡುವಂತಿಲ್ಲ. ನಲವತ್ತು ವರ್ಷದಿಂದ ಅವಳು ಅಣ್ಣನಿಗೆ ಹೇಳಬೇಕಾದ್ದನ್ನೆಲ್ಲ ಅತ್ತಿಗೆಯ ಮೂಲಕವೇ ಹೇಳಿಸಿದವಳು. ಇಸಿಕೇಲಿ ಕೈ ಚಾಚಿದ.

“ಅಣ್ಣಾ, ಮುಟ್ಟಬೇಡ.”

ಊರ ಹಿರಿಯನೊಬ್ಬ ತಿರುಗಿಯೂ ನೋಡದೆ, “ಹೋಗಮ್ಮ, ಚಾ ಆಯ್ತಾ ನೋಡು,” ಎಂದ.

“ಚಾ ಆಗಿದೆ ದೊಡ್ಡಪ್ಪ, ಆಮೇಲೆ ಕುಡೀರಂತೆ. ಅಣ್ಣಾ, ಮೂರು ಸಲ ನನ್ನ ವಾಪಸ್ ಕಳಿಸ್ದಾಗ ನೀನು ಅಪ್ಪನ ಪಕ್ಕದಲ್ಲೇ ಕೂತಿದ್ದೆ. ಹೋಗ್ತೀಯಾ ಅಂತ ಒಬ್ರೂ ಕೇಳ್ಲಿಲ್ಲ. ಇವಳನ್ನಾದ್ರೂ ಕೇಳು.”

ಇಸಿಕೇಲಿ ತಂಗಿಯ ಮುಖ ನೋಡಲಿಲ್ಲ. ಮಗಳನ್ನು ಕರೆ ಎಂದು ಹೆಂಡತಿಗೆ ಹೇಳಿದ. ಕೆಲೆರಾ ಹೊಸ್ತಿಲಲ್ಲೇ ನಿಂತಳು.

“ನಾನು ಹೋಗಲ್ಲಪ್ಪ. ದೂರನ್ನೂ ವಾಪಸ್ ತಗೊಳಲ್ಲ.”

ಇಸಿಕೇಲಿ ಚಾಚಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ಬಂದವರು ಹಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದರು. ಚಾ ಯಾರೂ ಕುಡಿಯಲಿಲ್ಲ.

ಈಗ ಚಾಪೆ ಹೆಣೆಯಲು ಮಕೆರೆತಾಳ ಜೊತೆ ಯಾರೂ ಕೂರುವುದಿಲ್ಲ. ಪಾದ್ರಿ ಎರಡು ಭಾನುವಾರ ಹೆಂಗಸರ ನಾಲಿಗೆಯ ಬಗ್ಗೆ ಬೋಧಿಸಿದ. ಗಂಡಸಿನ ಮುಷ್ಟಿಯ ಬಗ್ಗೆ ಒಂದು ಭಾನುವಾರವೂ ಇಲ್ಲ. ಅಣ್ಣನದು ಮತ್ತೆ ಅತ್ತಿಗೆಯ ಮೂಲಕವೇ ಮಾತು. ಕೇಸು ನಡೆಯುತ್ತಿದೆ. ಪ್ರತಿ ವಿಚಾರಣೆಗೂ ಮಕೆರೆತಾ, ಕೆಲೆರಾ, ಕೂಸು ಮೂವರೂ ಬಸ್ಸು ಹತ್ತುತ್ತಾರೆ.

ನಿಮ್ಮ ಮನೆಗೂ ಇಂಥ ರಾಜಿಯವರು ಬಂದೇ ಬರುತ್ತಾರೆ. ಕೈ ಚಾಚುವ ಮೊದಲು ಎದ್ದು ಒಳಗೆ ಹೋಗಿ, ಹುಡುಗಿಯನ್ನು ಕೇಳಿ. ಅವಳು ಬೇಡ ಎಂದರೆ, ಬಂದವರನ್ನು ಬಂದ ದಾರಿಯಲ್ಲೇ ಕಳಿಸಿ.