ಏಕಾದಶಿಯ ದಿನ ಕಾರ್ಮೆನ್ ಮಾಡಿದ ಅನ್ನ

ಉಪವಾಸದ ದಿನ ಈ ಮನೆಯಲ್ಲಿ ಅನ್ನ ಮಾಡುತ್ತಾರೆ. ದುಬೈಗೆ ಬಂದ ಐದೂವರೆ ತಿಂಗಳಲ್ಲಿ ನನ್ನನ್ನು ಇಷ್ಟು ತಬ್ಬಿಬ್ಬು ಮಾಡಿದ್ದು ಬೇರೊಂದಿಲ್ಲ.

ನಾನಿರುವುದು ಇಂಟರ್‌ನ್ಯಾಷನಲ್ ಸಿಟಿಯ ಸ್ಪೇನ್ ಕ್ಲಸ್ಟರ್‌ನಲ್ಲಿ. ಇಲ್ಲಿ ಕಟ್ಟಡಗಳ ಗುಂಪುಗಳಿಗೆ ದೇಶಗಳ ಹೆಸರು. ನಮ್ಮ ಕಟ್ಟಡದಲ್ಲಿ ನಿಜಕ್ಕೂ ಸ್ಪೇನಿನವಳು ಒಬ್ಬಳೇ, ನನ್ನ ಜೊತೆ ಫ್ಲ್ಯಾಟ್ ಹಂಚಿಕೊಂಡಿರುವ ಕಾರ್ಮೆನ್. ಮಕ್ಕಳಿಗೆ ಈಜು ಕಲಿಸುತ್ತಾಳೆ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳಲ್ಲಿ ಶುಕ್ರವಾರ ಮಾಂಸ ಮುಟ್ಟುವುದಿಲ್ಲ, ಮಧ್ಯಾಹ್ನ ಒಂದೇ ಊಟ. ಅದೂ ಅವಳಜ್ಜಿ ಮಾಡುತ್ತಿದ್ದ ಅನ್ನ: ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಅಕ್ಕಿ, ಕಾಬೂಲಿ ಕಡಲೆ, ಆಲೂಗಡ್ಡೆ, ಟೊಮೆಟೊ ಹಾಕಿ, ನಡುವೆ ಸಿಪ್ಪೆ ಸಮೇತ ಇಡೀ ಬೆಳ್ಳುಳ್ಳಿ ಗೆಡ್ಡೆ ಕೂರಿಸಿ ಓವನ್‌ನಲ್ಲಿ ಬೇಯಿಸುತ್ತಾಳೆ. ಆ ಗೆಡ್ಡೆಯನ್ನು ‘ಪೆರ್ದಿಸ್’, ಅಂದರೆ ಕೌಜುಗ ಹಕ್ಕಿ, ಎಂದು ಕರೆಯುತ್ತಾರಂತೆ. ಮಾಂಸವಿಲ್ಲದ ದಿನದ ಮಾಂಸ.

ನಮ್ಮಲ್ಲಿ ಏಕಾದಶಿಗೆ ಮೊದಲು ಬಿಡುವುದೇ ಅನ್ನ. ಬೆಳ್ಳುಳ್ಳಿಯ ಹೆಸರನ್ನೂ ಎತ್ತುವುದಿಲ್ಲ. ಈ ವ್ರತ ಅಮ್ಮನದು. ಇನ್ಸುಲಿನ್ ಶುರುವಾದ ಮೇಲೆ ಡಾಕ್ಟರು ಉಪವಾಸ ಕೂಡದೆಂದರೂ ಕೇಳದೆ, ಒಮ್ಮೆ ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದಳು. ಇನ್ನು ನಿನ್ನ ಬದಲು ನಾನಿರುತ್ತೇನೆ, ನೀನು ಊಟ ಮಾಡು ಎಂದು ಅಂದೇ ಒಪ್ಪಿಸಿದೆ. ಇಲ್ಲಿಗೆ ಬಂದ ಮೇಲೆ ಹನ್ನೊಂದು ಏಕಾದಶಿ ತಪ್ಪದೆ ನಡೆದಿದ್ದವು.

ಹನ್ನೆರಡನೆಯದು ಫೆಬ್ರವರಿ 27, ಶುಕ್ರವಾರ. ರಂಜಾನ್ ಆದ್ದರಿಂದ ಆಫೀಸು ಹನ್ನೆರಡಕ್ಕೇ ಬಿಟ್ಟಿತು. ಮನೆಗೆ ಬಂದರೆ ಮೇಜಿನ ಮೇಲೆ ಎರಡು ತಟ್ಟೆ.

“ಫ್ರಿಜ್ ಮೇಲೆ ನೀನು ಅಂಟಿಸಿರೋ ತಾರೀಖಿನ ಚೀಟಿ ನೋಡಿದೆ. ಇವತ್ತು ನಿನಗೂ ಉಪವಾಸ ಅಲ್ವಾ?” ಎಂದಳು ಕಾರ್ಮೆನ್. “ಈ ಪಾತ್ರೆ ಹೊಸದು, ನಿನಗೋಸ್ಕರ ತಂದೆ. ಇದರಲ್ಲಿ ಒಂದು ಸಲವೂ ಮಾಂಸ ಬೆಂದಿಲ್ಲ. ಯಲ್ಲಾ, ಬಾ ಬಾ, ಕೂತ್ಕೋ.”

“ಕಾರ್ಮೆನ್, ನಾನು…”

“ಹಕ್ಕಿಯೂ ನಿನಗೇ. ನಮ್ಮಜ್ಜಿ ಮನೇಲಿ ಅದಕ್ಕೆ ಜಗಳ ಆಗ್ತಿತ್ತು.”

ಮೊದಲ ಸಲ ಬಡಿಸಿದ್ದನ್ನು ದಾಕ್ಷಿಣ್ಯಕ್ಕೆ ತಿಂದೆ. ಎರಡನೆಯ ಸಲ ತಟ್ಟೆ ಚಾಚಿದ್ದು ನಾನೇ. ಬೆಂದು ಬೆಣ್ಣೆಯಾಗಿದ್ದ ಬೆಳ್ಳುಳ್ಳಿಯನ್ನು ಎಸಳೆಸಳಾಗಿ ಹಿಂಡಿ ಅನ್ನಕ್ಕೆ ಕಲಸಿಕೊಂಡದ್ದೂ ನಾನೇ.

ಸಂಜೆ ಆರೂವರೆಗೆ ಅಮ್ಮನ ಫೋನು ಬಂತು. ಮೈಸೂರಿನಲ್ಲಿ ಆಗ ಎಂಟು ಗಂಟೆ, ಅವಳು ಇನ್ಸುಲಿನ್ ಚುಚ್ಚಿಕೊಂಡು ಊಟಕ್ಕೆ ಕೂರುವ ಹೊತ್ತು.

“ಏನ್ ತಿಂದೆ ಪುಟ್ಟಿ?”

“ಹಣ್ಣು, ಹಾಲು.”

“ದನಿ ಕೇಳಿದ್ರೆ ಹೊಟ್ಟೆ ತುಂಬಿರೋ ಹಾಗಿದೆಯಲ್ಲೇ,” ಎಂದು ನಕ್ಕಳು. ಆಮೇಲೆ ಮೆಲ್ಲಗೆ, “ತಪ್ಪಿದ್ರೆ ತಪ್ಪಿತು ಅಂತ ಹೇಳ್ಬಿಡು. ನಿನ್ನ ಬದಲು ಈಗ ನಾನು ತಟ್ಟೆ ಎತ್ತಿಡ್ತೀನಿ, ಒಂದು ಹೊತ್ತು ತಾನೇ?”

“ಇಲ್ಲಮ್ಮ, ಬರೀ ಹಣ್ಣು. ನೀನು ಊಟ ಮಾಡು.”

“ಸರಿ ಹಾಗಾದ್ರೆ. ಸಾರನ್ನ ಆರಿಹೋಗ್ತಿದೆ.”

ಅವಳು ಕಲಸುವ ಸದ್ದು, ಮೊದಲ ತುತ್ತಿನ ಸದ್ದು ಕೇಳಿಸುವವರೆಗೆ ನಾನು ಫೋನಿಡಲಿಲ್ಲ. ಆಚೆ ಅಡುಗೆಮನೆಯಲ್ಲಿ ಕಾರ್ಮೆನ್ ಒಂದು ಲೋಟ ನೀರು ಕುಡಿದು ದೀಪ ಆರಿಸಿದಳು. ನನ್ನ ಎರಡೂ ಮನೆಗಳಲ್ಲಿ ಅಂದು ಉಪವಾಸವಿದ್ದವಳು ಅವಳೊಬ್ಬಳೇ.